ಕೀಲುಗೊಂಬೆಯ ಬಣ್ಣ: ನಕಾನೋದಿಂದ ಅಕಿಹಬಾರಾಕ್ಕೆ

ಟೋಕಿಯೋದ ಶಿಂಜುಕುವಿನಲ್ಲಿ ಚುವೊ ಮಾರ್ಗದ ವೇಗದ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ನಕಾನೋ. ಐದು ನಿಮಿಷದ ದಾರಿ. ಜೂನ್ ತಿಂಗಳ ಶನಿವಾರ, ಬೆಳಗಿನಿಂದ ಜಿಟಿಜಿಟಿ ಮಳೆ. ಉತ್ತರದ ಬಾಗಿಲಿನಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಸನ್ ಮಾಲ್ ಎಂಬ ಸೂರು ಹೊದ್ದ ಅಂಗಡಿಬೀದಿ. ಅಲ್ಲಿಂದ ಮುಂದಕ್ಕೆ ಕೊಡೆ ಮಡಚಬಹುದು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಸಿಹಿತಿಂಡಿಯ ಅಂಗಡಿ ಎಲ್ಲ ದಾಟಿ ಬೀದಿ ಮುಗಿಯುವಲ್ಲಿ ನಕಾನೋ ಬ್ರಾಡ್‌ವೇ ಶುರುವಾಗುತ್ತದೆ.

1966ರಲ್ಲಿ ತೆರೆದ ಕಟ್ಟಡ ಇದು. ಕೆಳಗಿನ ಮಹಡಿಗಳಲ್ಲಿ ಅಂಗಡಿ, ಮೇಲಿನವುಗಳಲ್ಲಿ ಮನೆಗಳು. ಒಳಗಿನ ಎಸ್ಕಲೇಟರ್ ಎರಡನೇ ಮಹಡಿಯಲ್ಲಿ ನಿಲ್ಲುವುದೇ ಇಲ್ಲ, ನೆಲದಿಂದ ನೇರವಾಗಿ ಮೂರನೆಯದಕ್ಕೆ ಒಯ್ದು ಬಿಡುತ್ತದೆ. (ಜಪಾನಿನಲ್ಲಿ ನೆಲಮಹಡಿಯನ್ನೇ ಒಂದು ಎಂದು ಎಣಿಸುತ್ತಾರೆ.) ಮೊದಲ ಸಲ ಬಂದವರು ಎರಡನೇ ಮಹಡಿಗೆ ಮೆಟ್ಟಿಲು ಹುಡುಕುತ್ತಾ ತಿರುಗಾಡುತ್ತಾರೆ. ಮೂರನೇ ಮಹಡಿಯಲ್ಲಿ ಇಳಿದೊಡನೆ ಎರಡೂ ಕಡೆ ಗಾಜಿನ ಕಪಾಟುಗಳು; ಅವುಗಳ ಒಳಗೆ ನಾನು ಹುಡುಕಿಕೊಂಡು ಬಂದ ಜನ. ಹೆಬ್ಬೆರಳಿನಷ್ಟಿರುವವರು, ಗೇಣುದ್ದದವರು, ಮೊಳದ ಹತ್ತಿರ ಬರುವವರು. ಮುಖವಾಡದ ವೀರರು, ರಾಕ್ಷಸರು, ಸೈನಿಕರು, ಶಾಲೆಯ ಸಮವಸ್ತ್ರದ ಹುಡುಗಿಯರು. ಕತ್ತು, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ, ಎಲ್ಲಿ ಬೇಕೋ ಅಲ್ಲಿ ಬಾಗುವವರು. ಕೀಲು ಕೊಟ್ಟರೆ ಕುಣಿಯುವ ಯಂತ್ರದ ಗೊಂಬೆಗೆ ಕನ್ನಡದಲ್ಲಿ ಕೀಲುಗೊಂಬೆ ಎನ್ನುತ್ತೇವೆ. ಆ ಮಾತನ್ನು ಈ ಮಂದಿಗೆ ಕೊಡಲು ನನಗೆ ಅಳುಕಿಲ್ಲ. ಇವರ ಪ್ರಾಣ ಇರುವುದೇ ಕೀಲಿನಲ್ಲಿ.

ಕೆಲಸದ ಮೇಲೆ ಈ ಊರಿಗೆ ಬಂದು ನಾಲ್ಕು ವರ್ಷವಾಯಿತು. ಗೊಂಬೆಗಳನ್ನು ಬಿಚ್ಚಿ, ತಿದ್ದಿ, ಹೊಸ ಬಣ್ಣ ಹಚ್ಚುವ ಹವ್ಯಾಸ ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಈ ಲೇಖನಕ್ಕಾಗಿ ಇಡೀ ಒಂದು ದಿನ ಇಟ್ಟುಕೊಂಡಿದ್ದೇನೆ: ನಕಾನೋದಲ್ಲಿ ಮುರುಕು ಗೊಂಬೆ ಕೊಳ್ಳುವುದು, ಅಕಿಹಬಾರಾದಲ್ಲಿ ಬಣ್ಣ ಕೊಳ್ಳುವುದು, ಅಲ್ಲೇ ಕೂತು ಹಚ್ಚುವುದು.

ಇಲ್ಲಿ ಮಂದರಾಕೆ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮಾಸುಜೊ ಫುರುಕಾವಾ ಎಂಬ ಮಂಗಾ (ಜಪಾನಿ ಕಾಮಿಕ್ಸ್) ಕಲಾವಿದರು 1980ರಲ್ಲಿ ಇದೇ ಕಟ್ಟಡದಲ್ಲಿ ಹಳೆಯ ಮಂಗಾ ಪುಸ್ತಕಗಳ ಪುಟ್ಟ ಅಂಗಡಿಯಾಗಿ ಇದನ್ನು ಶುರು ಮಾಡಿದರು. ಈಗ ಅದು ಹಲವು ಕೋಣೆಗಳಾಗಿ ಮಹಡಿ ಮಹಡಿಗಳಲ್ಲಿ ಹಬ್ಬಿಕೊಂಡಿದೆ. ಒಂದರಲ್ಲಿ ಪುಸ್ತಕ, ಒಂದರಲ್ಲಿ ತಗಡಿನ ಆಟಿಕೆ, ಒಂದರಲ್ಲಿ ಗೊಂಬೆ. ನಾಲ್ಕನೇ ಮಹಡಿಯ ಒಂದು ಅಂಗಡಿಯ ಮುಂದೆ ದೇವಸ್ಥಾನದ ಕೆಂಪು ತೋರಣಗಂಬಗಳು ಸಾಲಾಗಿ ನಿಂತಿವೆ. ಆದರೆ ನಮ್ಮಂಥವರ ಕಣ್ಣು ಹೋಗುವುದು ಗಾಜಿನ ಕಪಾಟಿನ ಕಡೆಗಲ್ಲ, ಅದರ ಬುಡದಲ್ಲಿರುವ ಪ್ಲಾಸ್ಟಿಕ್ ಬುಟ್ಟಿಗಳ ಕಡೆಗೆ. ಬುಟ್ಟಿಯ ಮೇಲೆ ‘ಜಂಕ್’ ಎಂದು ಬರೆದಿರುತ್ತದೆ. ಕೈ ಇಲ್ಲದವರು, ಕಾಲು ಸಡಿಲಾದವರು, ಮುಖ ಕೆರೆದುಹೋದವರು ಒಬ್ಬೊಬ್ಬರೂ ಒಂದೊಂದು ಪಾರದರ್ಶಕ ಚೀಲದಲ್ಲಿ. ಚೀಲಕ್ಕೆ ಪುಟ್ಟ ಚೀಟಿ, ಚೀಟಿಯಲ್ಲಿ ಎಲ್ಲಿ ಏನು ಊನ ಎಂಬ ವಿವರ. ಎಡ ಮಣಿಕಟ್ಟು ಇಲ್ಲ. ಬೆನ್ನಲ್ಲಿ ಬಣ್ಣ ಅಂಟಿದೆ. ಬಲಗಾಲು ಸಡಿಲ. ಆಸ್ಪತ್ರೆಯ ಹಾಸಿಗೆಗೆ ಸಿಕ್ಕಿಸಿದ ಪಟ್ಟಿಯಂತೆ ಓದಿಸಿಕೊಳ್ಳುತ್ತದೆ. ಮಾರುವ ವಸ್ತುವಿನ ಕೊರತೆಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಡುವ ಈ ಪದ್ಧತಿಯ ಬಗ್ಗೆ ನನಗೆ ತುಂಬಾ ಗೌರವ.

ಅರ್ಧ ಗಂಟೆ ಕೆದಕಿ ಒಬ್ಬನನ್ನು ಆರಿಸಿದೆ. ಹದಿನೈದು ಸೆಂಟಿಮೀಟರಿನ ಸೈನಿಕ. ಎಡಗಣ್ಣು ಅರ್ಧ ಅಳಿಸಿದೆ, ಮೊಣಕೈಗಳಲ್ಲಿ ಹಸಿರು ಬಣ್ಣ ಕೆರೆದು ಒಳಗಿನ ಬಿಳಿ ಕಾಣುತ್ತಿದೆ. 300 ಯೆನ್.

ಆ ಮೊಣಕೈಯ ಬಿಳಿ ನನಗೆ ಚಿಕ್ಕಂದಿನಿಂದ ಪರಿಚಿತ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಹುಡುಗರ ಕೈಗೆ ಹುಟ್ಟುಹಬ್ಬಕ್ಕೆಂದು ಸಿಗುತ್ತಿದ್ದ ದೊಡ್ಡ ಆಸ್ತಿ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ. ಹತ್ತು ಸೆಂಟಿಮೀಟರಿಗೆ ಕೊಂಚ ಕಡಿಮೆ ಎತ್ತರ. ಬೆನ್ನಲ್ಲಿ ಒಂದೇ ಒಂದು ಸ್ಕ್ರೂ. ಅದನ್ನು ಬಿಚ್ಚಿದರೆ ಎದೆ ಎರಡು ಹೋಳಾಗಿ ಒಳಗೆ ಕಪ್ಪು ರಬ್ಬರ್ ಬಳೆ ಕಾಣುತ್ತಿತ್ತು. ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಹಿಡಿದಿಟ್ಟಿದ್ದು ಆ ಬಳೆ. ಅದು ಕಡಿದರೆ ಸೈನಿಕ ಸೊಂಟದಲ್ಲಿ ಎರಡಾಗುತ್ತಿದ್ದ. ಅಪ್ಪ ನಲ್ಲಿ ರಿಪೇರಿ ಸಾಮಾನಿನ ಡಬ್ಬಿಯಿಂದ ಅದೇ ಅಳತೆಯ ಬಳೆ ಹುಡುಕಿ ಹಾಕಿಕೊಟ್ಟಿದ್ದು ನೆನಪಿದೆ. ಒಬ್ಬನ ಕಾಲು ಇನ್ನೊಬ್ಬನಿಗೆ ಹಾಕಿ ಮೂರನೆಯವನನ್ನು ಸೃಷ್ಟಿಸಬಹುದು ಎಂದು ಗೊತ್ತಾಗಿದ್ದೂ ಅವತ್ತೇ. ಫನ್‌ಸ್ಕೂಲ್ ಮಾಡಿದ ಎಷ್ಟೋ ಜೋಗಳ ಬಣ್ಣ ಅಮೆರಿಕದ ಮೂಲಕ್ಕಿಂತ ಬೇರೆಯಾಗಿತ್ತು. ಅದೇ ಕಾರಣಕ್ಕೆ ಇಂದು ಜಗತ್ತಿನ ಸಂಗ್ರಹಕಾರರು ಅವನ್ನು ಹುಡುಕಿ ಕೊಳ್ಳುತ್ತಾರೆ. ನಾವು ಆಗ ಅದನ್ನು ಮಣ್ಣಿನಲ್ಲಿ ಹೂತು ಆಡುತ್ತಿದ್ದೆವು. ಆಡಿದ್ದು ತಪ್ಪಲ್ಲ, ಅದಕ್ಕೇ ಅಲ್ಲವೇ ಅದು ಇದ್ದದ್ದು.

ಕಪಾಟಿನಲ್ಲಿರುವ ಈ ಜಪಾನಿ ವೀರರಿಗೂ ನಮ್ಮ ಆ ಜೋಗೂ ನಂಟಿದೆ. 1964ರಲ್ಲಿ ಅಮೆರಿಕದ ಹಾಸ್‌ಬ್ರೋ ಹನ್ನೆರಡು ಅಂಗುಲದ ಜಿ.ಐ. ಜೋವನ್ನು ಮಾರುಕಟ್ಟೆಗೆ ತಂದಿತು. ಗಂಡುಹುಡುಗರಿಗೆ ‘ಗೊಂಬೆ’ ಕೊಡಿಸಲು ತಂದೆತಾಯಿ ಹಿಂಜರಿದಾರು ಎಂದು ಅದಕ್ಕೆ ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನೇ ಕಟ್ಟಿದರು. ಜಪಾನಿನಲ್ಲಿ ಅದನ್ನು ಮಾಡುವ ಹಕ್ಕು ಟಕಾರಾ ಕಂಪನಿಗೆ ಸಿಕ್ಕಿತು. 1972ರಲ್ಲಿ ಟಕಾರಾ ಅದೇ ಮೈಯನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಳಗೆ ಯಂತ್ರದ ಅಂಗಗಳನ್ನು ತೋರಿಸಿ, ‘ಹೆನ್ಶಿನ್ ಸೈಬೋರ್ಗ್’ ಎಂದು ಮಾರಿತು. ಸೈನಿಕ ಒಂದು ಬಣ್ಣ ಕಳಚಿದ್ದಕ್ಕೆ ಯಂತ್ರಮಾನವನಾದ! ಮುಂದೆ ತೈಲ ಬಿಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ತುಟ್ಟಿಯಾದಾಗ 1974ರಲ್ಲಿ ಅವನನ್ನೇ ಹತ್ತು ಸೆಂಟಿಮೀಟರಿಗೆ ಕುಗ್ಗಿಸಿ ಮೈಕ್ರೋಮ್ಯಾನ್ ಮಾಡಿದರು. ಆ ಸಾಲಿನಿಂದ ಬೆಳೆದ ಆಟಿಕೆಗಳೇ 1984ರಲ್ಲಿ ಹಾಸ್‌ಬ್ರೋ ಕೈಗೆ ಮರಳಿ ಟ್ರಾನ್ಸ್‌ಫಾರ್ಮರ್ಸ್ ಆದವು. ಅದರಲ್ಲಿ ಮೂರು ವಿಮಾನಗಳಿವೆ: ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್. ಅಚ್ಚು ಒಂದೇ. ಬೂದು, ನೀಲಿ, ಕಪ್ಪು ಬಣ್ಣ ಬೇರೆಯಾದದ್ದಕ್ಕೆ ಮೂವರೂ ಬೇರೆ ಬೇರೆ ಪಾತ್ರಗಳು, ಬೇರೆ ಬೇರೆ ಸ್ವಭಾವಗಳು. ಮರುಬಣ್ಣದ ವಿದ್ಯೆಯನ್ನು ಹವ್ಯಾಸಿಗಳು ಕಂಡುಹಿಡಿಯಲಿಲ್ಲ. ಕಂಪನಿಗಳೇ ಹಣ ಉಳಿಸಲು ಮಾಡಿದ್ದನ್ನು ಹವ್ಯಾಸಿಗಳು ಪ್ರೀತಿಗಾಗಿ ಮಾಡತೊಡಗಿದರು.

ಹೊರಡುವ ಮೊದಲು ನೆಲಮಾಳಿಗೆಗೆ ಇಳಿದು ಎಂಟು ಬಣ್ಣದ ಪದರಗಳ ಐಸ್‌ಕ್ರೀಂ ತಿಂದೆ. ಈ ಕಟ್ಟಡಕ್ಕೆ ಬಂದವರು ಅದನ್ನು ಬಿಟ್ಟುಹೋಗಬಾರದು.

ಅಲ್ಲಿಂದ ರೈಲಿನಲ್ಲಿ ಅಕಿಹಬಾರಾಕ್ಕೆ. ನಿಲ್ದಾಣದ ಎದುರಿಗೇ ರೇಡಿಯೋ ಕೈಕಾನ್. 1962ರಲ್ಲಿ ಎದ್ದ ಹಳೆಯ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಿ 2014ರಲ್ಲಿ ತೆರೆದರು. ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಹೆಸರಾಗಿದ್ದ ವಿಳಾಸ ಈಗ ಗೊಂಬೆಗಳದ್ದು. ಇಲ್ಲಿ ಗಾಜಿನ ಚಿಕ್ಕ ಚಿಕ್ಕ ಗೂಡುಗಳನ್ನು ತಿಂಗಳ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಯಾರೋ ತಮ್ಮ ಸಂಗ್ರಹವನ್ನು ಅಲ್ಲಿಟ್ಟು ಬೆಲೆಚೀಟಿ ಅಂಟಿಸಿ ಹೋಗುತ್ತಾರೆ. ಒಂದು ಗೂಡಿನಲ್ಲಿ ಮುಖ ಮಾತ್ರ ಹೊಸದಾಗಿ ಬರೆದ ಗೊಂಬೆಯೊಂದಿತ್ತು. ಪೆಟ್ಟಿಗೆಯ ಚಿತ್ರಕ್ಕೂ ಗೊಂಬೆಗೂ ಹೋಲಿಸಿ ನೋಡಿದೆ. ಕಾರ್ಖಾನೆಯ ಮುಖ ಎದುರಿಗಿದ್ದವರನ್ನೆಲ್ಲ ಒಂದೇ ತೆರ ನೋಡುತ್ತದೆ. ಇವಳು ಮಾತ್ರ ಯಾರನ್ನೋ ಕಾಯುತ್ತಿದ್ದಳು.

ಕಾರ್ಖಾನೆಯಲ್ಲಿ ಕಣ್ಣು ಬರೆಯುವ ಕ್ರಮ ತಿಳಿದರೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಲೋಹದ ತಟ್ಟೆಯಲ್ಲಿ ಕಣ್ಣಿನ ಆಕಾರ ಕೊರೆದು, ಅದರಲ್ಲಿ ಶಾಯಿ ತುಂಬಿ, ಮೆತ್ತನೆಯ ಸಿಲಿಕೋನ್ ಗಡ್ಡೆಯೊಂದರಿಂದ ಅದನ್ನು ಎತ್ತಿ ಮುಖಕ್ಕೆ ಒತ್ತುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ಸಾವಿರಾರು ಮುಖಗಳಲ್ಲಿ ಕೆಲವುಗಳಲ್ಲಿ ಒತ್ತು ಅರ್ಧ ಮಿಲಿಮೀಟರು ಆಚೀಚೆ ಆದರೆ ಸಾಕು, ಪಾತ್ರ ಮೆಳ್ಳಗಣ್ಣಾಗುತ್ತದೆ. ನನಗೆ ಗೊತ್ತಿರುವ ಎಷ್ಟೋ ಮಂದಿ ಕುಂಚ ಹಿಡಿದಿದ್ದು ಆ ಅರ್ಧ ಮಿಲಿಮೀಟರನ್ನು ಸರಿಪಡಿಸಲೆಂದೇ.

ಬಣ್ಣ ಕೊಳ್ಳಲು ಯೊದೊಬಾಶಿಯ ದೊಡ್ಡ ಮಳಿಗೆಗೆ ಹೋದೆ. ಅದರ ಆಟಿಕೆಯ ಮಹಡಿಯಲ್ಲಿ ಬಣ್ಣಗಳದ್ದೇ ಒಂದು ಓಣಿ. ಶಿಜುವೊಕಾದ ಟಮಿಯಾ, ಜಿಎಸ್ಐ ಕ್ರಿಯೋಸ್‌ನ ಮಿಸ್ಟರ್ ಕಲರ್, ಸ್ಪೇನಿನ ವಯೆಹೋ, ಸಣ್ಣ ಸಣ್ಣ ಸೀಸೆಗಳು ಮದ್ದಿನ ಅಂಗಡಿಯ ಹಾಗೆ. ಕೂದಲೆಳೆಯ ಕುಂಚಗಳು, ನಾನಾ ದರ್ಜೆಯ ಉಪ್ಪುಕಾಗದ, ಎರಡು ಬಗೆ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ. ಇಲ್ಲಿ ಅವಸರ ಕೂಡದು. ಗೊಂಬೆ ಯಾವುದರಿಂದ ಆಗಿದೆ ಎಂದು ತಿಳಿಯದೆ ಬಣ್ಣ ಕೊಂಡರೆ ಕೆಟ್ಟಿತು.

ಒಂದೇ ಗೊಂಬೆಯಲ್ಲಿ ಮೂರು ಜಾತಿಯ ಪ್ಲಾಸ್ಟಿಕ್ ಇರುವುದು ಸಾಮಾನ್ಯ. ತಲೆ, ಕೂದಲು, ಬೆರಳುಗಳು ಪಿವಿಸಿ, ಮೆತ್ತಗಿರುತ್ತವೆ. ಎದೆ, ತೊಡೆಯಂಥ ಗಟ್ಟಿ ಭಾಗಗಳು ಎಬಿಎಸ್. ಕೀಲಿನೊಳಗಿನ ಗುಂಡು, ಮೊಳೆ ಹಲವು ಸಲ ಪಾಲಿಅಸೆಟಾಲ್, ಪಿಒಎಂ ಎನ್ನುತ್ತಾರೆ, ಸಾಬೂನಿನಂತೆ ಜಾರುವ ಪ್ಲಾಸ್ಟಿಕ್. ಮೂವರ ಗುಣ ಮೂರು ತೆರ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ನಿಧಾನವಾಗಿ ಮೇಲಕ್ಕೆ ಬರುತ್ತದೆ. ಅದರ ಮೇಲೆ ಎನಾಮಲ್ ಬಳಿದರೆ ಅದು ಒಣಗುವುದೇ ಇಲ್ಲ. ನನ್ನ ಮೊದಲ ಗೊಂಬೆಗೆ ಹಾಗೇ ಆಯಿತು. ಅಂಗಡಿಯೊಂದರಲ್ಲಿ ಕೇಳಿದಾಗ ಯಾವ ಬಣ್ಣವಾದರೂ ನಡೆಯುತ್ತದೆ ಎಂದಿದ್ದರು, ಹಾಗೇ ಬಳಿದೆ. ನಾಲ್ಕು ತಿಂಗಳಾದರೂ ಮುಖ ಅಂಟಂಟು. ಧೂಳೆಲ್ಲ ಕೂತು ಕೆನ್ನೆಯ ಮೇಲೆ ಗಡ್ಡ ಬೆಳೆದಂತಾಯಿತು. ಮುಟ್ಟಿದ ಕಡೆಯೆಲ್ಲ ನನ್ನ ಬೆರಳಿನ ಗುರುತು. ಆ ತಲೆ ಈಗಲೂ ನನ್ನ ಮೇಜಿನ ಡಬ್ಬಿಯಲ್ಲಿದೆ. ಎಬಿಎಸ್‌ನದು ಇನ್ನೊಂದು ಕಷ್ಟ: ಬಿಗಿಯಾಗಿ ಕೂತ ಕೀಲಿನ ಹತ್ತಿರ ಎನಾಮಲ್ ಥಿನ್ನರ್ ಇಳಿದರೆ ಒಂದು ದಿನ ಚಟ್ಟನೆ ಸೀಳುತ್ತದೆ. ಪಿಒಎಂ ಅಂತೂ ಬಣ್ಣವನ್ನು ಹತ್ತಿರಕ್ಕೇ ಸೇರಿಸುವುದಿಲ್ಲ, ಉಗುರು ತಾಗಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಆದ್ದರಿಂದ ಮುಖಕ್ಕೆ ನೀರಿನ ಅಕ್ರಿಲಿಕ್, ಮೈಗೆ ಪ್ರೈಮರ್ ಹಾಕಿದ ಮೇಲೆ ತೆಳು ಪದರಗಳು, ಪಿಒಎಂ ತುಂಡನ್ನು ಮುಟ್ಟದಿರುವುದು. ಇದು ನಾನು ಕಲಿತು ಪಾಲಿಸುವ ಕ್ರಮ.

ಮೂರು ಸೀಸೆ, ಒಂದು ಪ್ರೈಮರ್, ಕೊನೆಯ ಪದರಕ್ಕೆ ಹೊಳಪಿಲ್ಲದ ಟಾಪ್‌ಕೋಟಿನ ಒಂದು ಡಬ್ಬಿ. ಗೊಂಬೆಗಿಂತ ಬಣ್ಣ ಹಲವು ಪಟ್ಟು ದುಬಾರಿ.

ಟೋಕಿಯೋದ ಮನೆಗಳು ಚಿಕ್ಕವು, ಗೋಡೆ ತೆಳು, ಸ್ಪ್ರೇ ವಾಸನೆ ನೆರೆಮನೆಗೆ ಹೋದರೆ ದೂರು ಬರುತ್ತದೆ. ಅದಕ್ಕಾಗಿ ಅಕಿಹಬಾರಾದ ಸುತ್ತ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೆಲಸದ ಕೋಣೆಗಳಿವೆ. ನಾನು ಹೋದ ಕಡೆ ಹತ್ತು ಮೇಜು. ಪ್ರತಿ ಮೇಜಿಗೂ ಹೊಗೆ ಎಳೆಯುವ ಗೂಡು, ಏರ್‌ಬ್ರಷ್, ದೀಪ. ಮೂಲೆಯಲ್ಲಿ ಒಣಗಿಸುವ ಪೆಟ್ಟಿಗೆ. ಯಾರೂ ಮಾತಾಡುವುದಿಲ್ಲ. ಕಂಪ್ರೆಸರಿನ ಗುಂಯ್ ಶಬ್ದ, ಉಪ್ಪುಕಾಗದದ ಸರಸರ, ಅಷ್ಟೇ. ಹಿತವಾದ ಮೌನ.

ಮೊದಲು ಬಿಚ್ಚುವುದು. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಭುಜಕ್ಕೆ ಒಂದು ನಿಮಿಷ ಹಿಡಿದರೆ ಪ್ಲಾಸ್ಟಿಕ್ ಹದಕ್ಕೆ ಬರುತ್ತದೆ. ಆಗ ಎಳೆದರೆ ಕೀಲು ಮುರಿಯದೆ ಕಳಚುತ್ತದೆ. ತಣ್ಣಗಿದ್ದಾಗ ಎಳೆದರೆ ಮೊಳೆ ಒಳಗೇ ಉಳಿದು ಗೊಂಬೆ ಹಾಳು. ಬಿಡಿಬಿಡಿಯಾದ ಅಂಗಗಳನ್ನು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆದೆ. ಕಾರ್ಖಾನೆಯ ಅಚ್ಚಿನ ಎಣ್ಣೆ, ಹಳೆಯ ಯಜಮಾನನ ಕೈಯ ಜಿಡ್ಡು ಎರಡೂ ಹೋಗಬೇಕು.

ಇನ್ನು ಮೊಣಕೈ. ಈ ಒಂದು ಕೆಲಸವನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅವಸರಪಡುವುದು ಇಲ್ಲಿಯೇ. ಮೇಲ್ತೋಳಿನ ತುದಿಯಲ್ಲಿ ಒಂದು ಸೀಳು, ಮುಂಗೈಯ ತುದಿಯಲ್ಲಿ ಒಂದು ನಾಲಿಗೆ. ನಾಲಿಗೆ ಸೀಳಿನೊಳಗೆ ಕೂತು ಮೊಳೆಯ ಮೇಲೆ ತಿರುಗುತ್ತದೆ. ಎರಡರ ನಡುವೆ ಇರುವ ಸಂದು ಕಾಗದದಷ್ಟು. ಪ್ರೈಮರ್, ಬಣ್ಣ, ಟಾಪ್‌ಕೋಟ್ ಮೂರೂ ಸೇರಿದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪವಾಗುತ್ತದೆ. ಎರಡು ಗೋಡೆಗೆ ಎರಡು ಪಟ್ಟು. ಅಷ್ಟು ಜಾಗ ಅಲ್ಲಿಲ್ಲ. ಹಾಗಾಗಿ ಮೊದಲ ಸಲ ಕೈ ಮಡಚಿದಾಗಲೇ ಬಣ್ಣ ಉಜ್ಜಿ ಎದ್ದುಬರುತ್ತದೆ. ಮಾಡಬೇಕಾದ್ದು ಇಷ್ಟೇ: ಬಣ್ಣಕ್ಕೆ ಬೇಕಾದಷ್ಟು ಜಾಗವನ್ನು ಮೊದಲೇ ತೆಗೆದಿಡುವುದು. ನಾಲಿಗೆಯ ಎರಡೂ ಮಗ್ಗುಲನ್ನು 600ರ ಉಪ್ಪುಕಾಗದದಿಂದ ಇಪ್ಪತ್ತು ಸಲ ಉಜ್ಜು, ಜೋಡಿಸಿ ಮಡಚಿ ನೋಡು, ಮತ್ತೆ ಬಿಚ್ಚಿ ಹತ್ತು ಸಲ ಉಜ್ಜು. ತೀರಾ ಉಜ್ಜಿದರೆ ಕೈ ಜೋತುಬೀಳುತ್ತದೆ, ಭಂಗಿ ನಿಲ್ಲುವುದಿಲ್ಲ. ಪಕ್ಕದ ಮೇಜಿನಲ್ಲಿ ಆಫೀಸಿನ ಬಿಳಿ ಅಂಗಿಯಲ್ಲೇ ಬಂದು ಕೂತಿದ್ದ ಹಿರಿಯರೊಬ್ಬರು ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ಗೊಂಬೆಯ ಮಂಡಿಯನ್ನು ಬಿಚ್ಚಿ ತೋರಿಸಿದರು. ಅವರು ಒಳಗಿನ ಗೋಡೆಗಳಿಗೆ ಮೇಲ್ಬಣ್ಣವನ್ನೇ ಹಚ್ಚಿರಲಿಲ್ಲ. ಆ ಒಂದು ತುಂಡನ್ನು ಮಾತ್ರ ಬಟ್ಟೆಗೆ ಬಣ್ಣ ಹಾಕುವಂತೆ ಬಣ್ಣ ಬೆರೆಸಿದ ಬಿಸಿನೀರಿನಲ್ಲಿ ಅದ್ದಿ ತೆಗೆದಿದ್ದರು. ಬಣ್ಣ ಪ್ಲಾಸ್ಟಿಕ್ಕಿನೊಳಕ್ಕೇ ಇಳಿದಿದ್ದರಿಂದ ಉಜ್ಜಿದರೂ ಹೋಗಲು ಪದರವೇ ಇಲ್ಲ. ನಾನು ನಾಲ್ಕು ವರ್ಷದಲ್ಲಿ ಯೋಚಿಸದ ಉಪಾಯ ಅದು.

ಗಾಜಿನ ಕಪಾಟಿಗೆಂದೇ ಬಣ್ಣ ಹಚ್ಚುವವರು ಈ ತಾಪತ್ರಯಕ್ಕೆ ಹೋಗುವುದಿಲ್ಲ. ಒಂದು ಭಂಗಿಯಲ್ಲಿ ನಿಲ್ಲಿಸಿ, ಹೊರಗೆ ಕಾಣುವಷ್ಟಕ್ಕೆ ಹಚ್ಚಿ, ಫೋಟೋ ತೆಗೆದು ಮುಗಿಸುತ್ತಾರೆ. ನೋಡಲು ಅದ್ಭುತವಾಗಿರುತ್ತವೆ, ಒಪ್ಪುತ್ತೇನೆ. ಆದರೆ ಹಾಗೆ ಮಾಡಿದರೆ ಕೀಲುಗೊಂಬೆ ಹೋಗಿ ವಿಗ್ರಹ ಆಗುತ್ತದೆ. ವಿಗ್ರಹ ಬೇಕಿದ್ದರೆ ಮೊದಲೇ ವಿಗ್ರಹ ಕೊಳ್ಳಬಹುದಿತ್ತು. ಮಡಚಿದಾಗ ಉಳಿಯುವ ಬಣ್ಣವೇ ಈ ಗೊಂಬೆಗೆ ಬಣ್ಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಣ್ಣನ್ನು ಕೊನೆಗೆ ಇಟ್ಟುಕೊಂಡೆ. ನಮ್ಮ ಶಿಲ್ಪಿಗಳೂ ದೇವರ ಕಣ್ಣನ್ನು ಕೊನೆಗೇ ತೆರೆಸುತ್ತಾರೆ; ಅದಕ್ಕೆ ಅವರ ಕಾರಣ ಬೇರೆ, ಇಲ್ಲಿನ ಕಾರಣ ಸರಳ: ಬೇರೆಲ್ಲ ಮುಗಿದ ಮೇಲೆ ಕೈ ಪಳಗಿರುತ್ತದೆ. ಕಣ್ಣಿನ ಬಿಳಿಗೆ ಅಚ್ಚ ಬಿಳಿ ಹಾಕಬಾರದು, ದಿಗಿಲುಬಿದ್ದವನಂತೆ ಕಾಣುತ್ತಾನೆ. ಹಾಲಿಗೆ ತುಸು ಮಣ್ಣು ಬೆರೆತಂಥ ಬಿಳಿ. ಆಮೇಲೆ ಮೇಲಿನ ರೆಪ್ಪೆಯ ಗೆರೆ, ಕಡುಗಂದು. ಆಮೇಲೆ ಪಾಪೆ, ಅದರ ನೆತ್ತಿ ರೆಪ್ಪೆಯ ಒಳಗೆ ಅಡಗಿರಬೇಕು, ಪೂರ್ತಿ ದುಂಡಗೆ ಕಂಡರೆ ಮತ್ತೆ ಅದೇ ದಿಗಿಲು. ಬಲಗೈಯವನಾದ ನನಗೆ ಕಷ್ಟದ ಕಣ್ಣು ಯಾವುದೋ ಅದನ್ನೇ ಮೊದಲು ಬರೆಯುತ್ತೇನೆ, ಸುಲಭದ ಕಣ್ಣನ್ನು ಅದಕ್ಕೆ ಹೊಂದಿಸುವುದು ಸಾಧ್ಯ. ಉಸಿರು ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು ಕುಂಚ ತಾಗಿಸಿ ಎತ್ತಬೇಕು. ಐದು ಸಲ ತಪ್ಪಿದೆ. ಒದ್ದೆ ಕುಂಚದಿಂದ ಒರೆಸಿ ಆರನೇ ಸಲಕ್ಕೆ ಸರಿಹೋಯಿತು. ಸೈನಿಕ ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ನೋಡುತ್ತಿದ್ದಾನೆ. ದಣಿದವನ ನೋಟ. ನನಗೆ ಬೇಕಿದ್ದದ್ದು ಅದೇ.

ಟಾಪ್‌ಕೋಟ್ ಹೊಡೆಯಲು ಮಾತ್ರ ಕೋಣೆಯವರು ಕಾಯಲು ಹೇಳಿದರು. ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ನೀರು ಪದರದಲ್ಲಿ ಸಿಕ್ಕಿಕೊಂಡು ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ತೇವ ಹೀರುವ ಯಂತ್ರ ಹಾಕಿ, ಮುಕ್ಕಾಲು ಗಂಟೆ ಬಿಟ್ಟು, ದೂರದಿಂದ ಮೂರು ತೆಳು ಬೀಸು.

ಕಾಯುವ ಹೊತ್ತಿನಲ್ಲಿ ಆ ಹಿರಿಯರು ಜುಲೈ ತಿಂಗಳ ವಂಡರ್ ಫೆಸ್ಟಿವಲ್‌ಗೆ ಸಿದ್ಧತೆ ನಡೆಸಿದ್ದೇನೆ ಎಂದರು. ಹವ್ಯಾಸಿಗಳು ತಾವೇ ಕಡೆದು ಎರಕ ಹೊಯ್ದ ಗೊಂಬೆಗಳನ್ನು ಮಾರುವ ಜಾತ್ರೆ ಅದು. ಎಂಬತ್ತರ ದಶಕದಲ್ಲಿ ಶುರುವಾಗಿ 1992ರಿಂದ ಒಸಾಕಾ ಮೂಲದ ಕೈಯೊದೊ ಸಂಸ್ಥೆಯ ಕೈಯಲ್ಲಿದೆ. ಈಗ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ವರ್ಷಕ್ಕೆರಡು ಸಲ ನಡೆಯುತ್ತದೆ. ಅಲ್ಲಿ ‘ಅಂದಿನ ಹಕ್ಕು’ ಎಂಬ ವ್ಯವಸ್ಥೆ ಇದೆ. ಬೇರೆಯವರ ಪಾತ್ರವನ್ನು ಗೊಂಬೆ ಮಾಡಿ ಮಾರಬೇಕಾದರೆ ಹವ್ಯಾಸಿ ತಿಂಗಳುಗಳ ಮೊದಲೇ ಅರ್ಜಿ ಹಾಕುತ್ತಾನೆ, ಹಕ್ಕುದಾರರು ಮಾದರಿ ನೋಡಿ ಒಪ್ಪಿದರೆ ಆ ಒಂದು ದಿನ, ಆ ಒಂದು ಸಭಾಂಗಣದಲ್ಲಿ ಮಾತ್ರ ಮಾರಲು ಅನುಮತಿ. ಸಂಜೆಗೆ ಹಕ್ಕು ಮುಗಿಯಿತು. ಕಂಪನಿಯ ಹಕ್ಕೂ ಉಳಿಯುತ್ತದೆ, ಹವ್ಯಾಸಿಯ ಕೈಯೂ ಉಳಿಯುತ್ತದೆ. ಇಷ್ಟು ಬುದ್ಧಿವಂತಿಕೆಯ ಏರ್ಪಾಟನ್ನು ನಾನು ಬೇರೆ ಕಲೆಯಲ್ಲಿ ಕಂಡಿಲ್ಲ.

ರಾತ್ರಿ ಎಂಟಕ್ಕೆ ಸೈನಿಕನನ್ನು ಜೋಡಿಸಿದೆ. ಬಲ ಮೊಣಕೈಯನ್ನು ಐವತ್ತು ಸಲ ಮಡಚಿದೆ: ಬಣ್ಣ ನಿಂತಿತು. ಎಡ ಮೊಣಕೈ ಐವತ್ತು ಸಲ: ನಿಂತಿತು. ಎಡ ಮಂಡಿಯ ಒಳಮಗ್ಗುಲಲ್ಲಿ ಮೂವತ್ತನೆಯದಕ್ಕೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣಿಸಿತು. ಅಲ್ಲಿ ಉಜ್ಜಿದ್ದು ಸಾಲದು.

ಈ ಕೆಲಸಕ್ಕೆ ಕೈ ಹಾಕಬೇಕೆಂಬ ಆಸೆ ನಿಮಗಿದ್ದರೆ ಹೊಸ ಗೊಂಬೆಯ ಪೆಟ್ಟಿಗೆ ಒಡೆಯಬೇಡಿ. ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಸೊಂಟದ ರಬ್ಬರ್ ಕಡಿದು ಎರಡು ಹೋಳಾಗಿ ಮಲಗಿರುವ ಫನ್‌ಸ್ಕೂಲ್ ಸೈನಿಕ ಇನ್ನೂ ಇರಬಹುದು. ಬೆನ್ನಿನ ಸ್ಕ್ರೂ ಬಿಚ್ಚಿ, ಸಾಬೂನಿನಲ್ಲಿ ತೊಳೆದು, ನಲ್ಲಿ ಸಾಮಾನಿನ ಅಂಗಡಿಯಿಂದ ಅದೇ ಅಳತೆಯ ರಬ್ಬರ್ ಬಳೆ ತಂದು ಹಾಕಿ. ಅವನು ಮೊದಲು ಎದ್ದು ನಿಲ್ಲಲಿ, ಬಣ್ಣದ ಮಾತು ಆಮೇಲೆ.